ಗೊರೊಸ್ವೆ ಮೇಪಲ್ ಮರದಿಂದ ನೀರು ಇಳಿಸಿದ ನನ್ನ ಅನುಭವ

ಗೊರೊಸ್ವೆ ಅನ್ನುವುದು ಕೊರಿಯಾದ ಒಂದು ಜಾತಿಯ ಮೇಪಲ್ ಮರ. ಚಳಿಗಾಲ ಮುಗಿಯುವ ಹೊತ್ತಿಗೆ ಇದರ ಕಾಂಡಕ್ಕೆ ಒಂದು ಸಣ್ಣ ತೂತು ಹಾಕಿದರೆ ಸಾಕು, ತಿಳಿಯಾದ ಸಿಹಿ ನೀರು ತೊಟ್ಟಿಕ್ಕಲು ಶುರುವಾಗುತ್ತದೆ. ಕೆನಡಾದವರು ತಮ್ಮ ಮೇಪಲ್ ನೀರನ್ನು ಕುದಿಸಿ ಕುದಿಸಿ ಪಾಕ ಮಾಡುತ್ತಾರೆ, ಅದು ಅಂಗಡಿಯಲ್ಲಿ ಎಲ್ಲರಿಗೂ ಸಿಗುತ್ತದೆ. ಕೊರಿಯಾದವರು ಹಾಗಲ್ಲ. ಹಸಿಯಾಗಿಯೇ ಕುಡಿಯುತ್ತಾರೆ, ಅದೂ ಲೀಟರುಗಟ್ಟಲೆ.

ನಾನು ದಕ್ಷಿಣ ಕೊರಿಯಾದ ಸುಂಚೊನ್ ನಗರದಲ್ಲಿ ಸಸ್ಯಶಾಸ್ತ್ರದ ಸಂಶೋಧನೆ ಮಾಡಿಕೊಂಡಿದ್ದೆ. ಪಕ್ಕದ ಊರೇ ಗ್ವಾಂಗ್ಯಾಂಗ್. ಅಲ್ಲಿನ ಬೆಗುನ್‌ಸಾನ್ ಬೆಟ್ಟ ಈ ನೀರಿಗೆ ಇಡೀ ದೇಶದಲ್ಲಿ ಹೆಸರುವಾಸಿ. ನಮ್ಮ ಮನೆ ಮಾಲೀಕರ ಅಣ್ಣ ಬೆಟ್ಟದ ಬುಡದ ಹಳ್ಳಿಯವರು, ನೀರು ಇಳಿಸುವ ಪರವಾನಗಿ ಇದ್ದವರು. ಅವರ ಜೊತೆ ಕೆಲಸಕ್ಕೆ ಹೋಗಿ ಕಲಿತದ್ದನ್ನು ಬರೆಯುತ್ತಿದ್ದೇನೆ. ಪರವಾನಗಿಯ ಮಾತು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅಲ್ಲಿ ಕಾಡಿಗೆ ಹೋಗಿ ಕಂಡ ಮರಕ್ಕೆ ಡ್ರಿಲ್ ಹಾಕುವ ಹಾಗಿಲ್ಲ. ಅನುಮತಿ ಪಡೆದ ಊರಿನವರು ಮಾತ್ರ, ಅವರಿಗೆ ಒಪ್ಪಿಸಿದ ಜಾಗದಲ್ಲಿ ಮಾತ್ರ ಇಳಿಸಬೇಕು.

ಮೊದಲ ಪಾಠ ಮರ ಗುರುತಿಸುವುದು. ಫೆಬ್ರವರಿಯಲ್ಲಿ ಮರದ ಮೇಲೆ ಒಂದು ಎಲೆಯೂ ಇರುವುದಿಲ್ಲ, ಕಾಡೆಲ್ಲ ಬೂದು ಬಣ್ಣ. ಆಗ ನೋಡಬೇಕಾದದ್ದು ಕಡ್ಡಿ. ಮೇಪಲ್‌ನಲ್ಲಿ ಮೊಗ್ಗುಗಳು ಎದುರುಬದುರು ಜೋಡಿಯಾಗಿ ಕೂತಿರುತ್ತವೆ, ಒಂದಾದ ಮೇಲೊಂದು ಅಲ್ಲ. ತೊಗಟೆ ಬೂದು, ಎಳೆ ಮರದಲ್ಲಿ ನುಣುಪು, ವಯಸ್ಸಾದಂತೆ ಉದ್ದುದ್ದ ಸಣ್ಣ ಬಿರುಕು ಬೀಳುತ್ತದೆ. ಆಮೇಲೆ ಬುಡದಲ್ಲಿ ಕಾಲಿಂದ ತರಗೆಲೆ ಸರಿಸಿ ನೋಡಬೇಕು. ಗೊರೊಸ್ವೆ ಎಲೆಗೆ ಐದರಿಂದ ಏಳು ಮೂಲೆ, ಒಂದೊಂದು ಮೂಲೆಯ ತುದಿಯೂ ಚೂಪು, ಆದರೆ ಅಂಚಿನಲ್ಲಿ ಹಲ್ಲಿಲ್ಲ, ಕತ್ತರಿಯಲ್ಲಿ ಕತ್ತರಿಸಿದ ಹಾಗೆ ನಯ. ಅದೇ ಕಾಡಿನಲ್ಲಿ ದಾಂಗ್‌ದಾನ್‌ಪುಂಗ್ ಅನ್ನುವ ಇನ್ನೊಂದು ಮೇಪಲ್ ಇದೆ, ಶರತ್ಕಾಲದಲ್ಲಿ ಬೆಂಕಿ ಕೆಂಪಾಗುವುದು ಅದು. ಅದರ ಎಲೆಗೆ ಒಂಬತ್ತು ಹನ್ನೊಂದು ಸೀಳು, ಅಂಚೆಲ್ಲ ಗರಗಸ. ಎರಡನ್ನೂ ಅಂಗೈಯಲ್ಲಿ ಇಟ್ಟು ಒಮ್ಮೆ ನೋಡಿದರೆ ಮತ್ತೆ ಯಾವತ್ತೂ ಗೊಂದಲ ಆಗಲ್ಲ. ಗೊರೊಸ್ವೆ ಕೆಂಪಾಗುವುದು ಕಡಿಮೆ, ಹಳದಿಯಾಗುತ್ತದೆ. ಹಾಗಾಗಿ ಎಲೆ ನೋಡಲು ಬರುವ ಪ್ರವಾಸಿಗರು ಇದನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಊರಿನವರಿಗೆ ಮಾತ್ರ ಇದೇ ಮುಖ್ಯ ಮರ.

ಇದರ ಈಗಿನ ಶಾಸ್ತ್ರೀಯ ಹೆಸರು ಏಸರ್ ಪಿಕ್ಟಮ್, ಉಪಜಾತಿ ಮೋನೊ. ಪಿಕ್ಟಮ್ ಅನ್ನುವ ಹೆಸರು ಕೊಟ್ಟವನು ಸ್ವೀಡನ್ನಿನ ಥುನ್‌ಬರ್ಗ್, 1784ರಲ್ಲಿ. ಮೋನೊ ಅಂತ ಹೆಸರಿಟ್ಟವನು ರಷ್ಯಾದ ಮ್ಯಾಕ್ಸಿಮೊವಿಚ್, 1857ರಲ್ಲಿ. ಹಳೆಯ ಪುಸ್ತಕಗಳಲ್ಲಿ ಸುಮ್ನೆ ಏಸರ್ ಮೋನೊ ಅಂತಲೇ ಇರುತ್ತದೆ. ಕೊರಿಯಾ, ಜಪಾನ್, ಚೀನಾ, ರಷ್ಯಾದ ಪೂರ್ವ ತುದಿ, ಇಷ್ಟೂ ಕಡೆ ಬೆಳೆಯುತ್ತದೆ. ತೇವ ಇರುವ ಕಣಿವೆ ಅಂದರೆ ಇದಕ್ಕೆ ಇಷ್ಟ, ಒಳ್ಳೆಯ ಜಾಗದಲ್ಲಿ 20 ಮೀಟರ್‌ವರೆಗೂ ಹೋಗುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಎಲೆ ಚಿಗುರುವ ಜೊತೆಗೇ ಹಸಿರು ಹಳದಿ ಬಣ್ಣದ ಸಣ್ಣ ಹೂಗೊಂಚಲು ಬಿಡುತ್ತದೆ. ಕಾಯಿಗೆ ಎರಡು ರೆಕ್ಕೆ, ಬಲಿತ ಮೇಲೆ ಎರಡು ಹೋಳಾಗಿ ತಿರುಗುತ್ತಾ ಬೀಳುತ್ತದೆ.

ನಮ್ಮ ಪಶ್ಚಿಮ ಘಟ್ಟದ ಕಾಡಿನಲ್ಲಿ ಮೇಪಲ್ ಇಲ್ಲ, ಭಾರತದಲ್ಲಿ ಅದು ಹಿಮಾಲಯ ಮತ್ತು ಈಶಾನ್ಯದ ಬೆಟ್ಟಗಳ ಮರ. ಆದರೆ ಇದರ ಹತ್ತಿರದ ನಂಟರು ನಮ್ಮಲ್ಲಿದ್ದಾರೆ. ಮೊದಲು ಮೇಪಲ್‌ಗಳಿಗೆ ಪ್ರತ್ಯೇಕ ಕುಟುಂಬ ಇತ್ತು, ಈಗ ಅದನ್ನು ಅಂಟುವಾಳದ ಕುಟುಂಬಕ್ಕೆ ಸೇರಿಸಿದ್ದಾರೆ. ತಲೆಗೂ ರೇಷ್ಮೆ ಸೀರೆಗೂ ಹಾಕುವ ಅಂಟುವಾಳ, ತಿನ್ನುವ ಲಿಚಿ, ಈ ಗೊರೊಸ್ವೆ, ಎಲ್ಲ ಒಂದೇ ಕುಟುಂಬ.

ಈಗ ನೀರಿನ ವಿಷಯ. ಇದು ಸರಿಯಾಗಿ ಅರ್ಥವಾದರೆ ಉಳಿದ ಕೆಲಸವೆಲ್ಲ ತಾನಾಗಿಯೇ ಅರ್ಥವಾಗುತ್ತದೆ, ಅದಕ್ಕೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ನಮ್ಮಲ್ಲಿ ತೆಂಗು, ಈಚಲು ಮರದಿಂದ ನೀರಾ ಇಳಿಸುತ್ತೇವೆ. ಅದು ಎಲೆಯಲ್ಲಿ ತಯಾರಾದ ಸಕ್ಕರೆ ಕೆಳಗೆ ಸಾಗುವ ದಾರಿಯಿಂದ ಬರುವ ರಸ. ಹಾಗಾಗಿ ಅದರಲ್ಲಿ ನೂರಕ್ಕೆ ಹತ್ತಕ್ಕೂ ಜಾಸ್ತಿ ಸಕ್ಕರೆ. ಗೊರೊಸ್ವೆ ನೀರು ಬೇರೆ ದಾರಿಯದು, ಬೇರಿನಿಂದ ನೀರು ಮೇಲೇರುವ ಕೊಳವೆಗಳದ್ದು, ಅಂದರೆ ಮರದ ಒಳಗಿನ ಕಟ್ಟಿಗೆಯದ್ದು. ಮಾಮೂಲಿ ದಿನಗಳಲ್ಲಿ ಈ ಕೊಳವೆಗೆ ತೂತು ಹಾಕಿದರೆ ಒಂದು ಹನಿಯೂ ಹೊರಗೆ ಬರಲ್ಲ, ಗಾಳಿ ಒಳಗೆ ಹೋಗುತ್ತದೆ ಅಷ್ಟೇ. ಎಲೆಗಳು ಮೇಲಿಂದ ಎಳೆಯುತ್ತಿರುತ್ತವಲ್ಲ.

ಚಳಿಗಾಲದ ಕೊನೆಯಲ್ಲಿ ಎಲೆ ಇಲ್ಲ, ಎಳೆಯುವವರಿಲ್ಲ. ಬೇಸಿಗೆಯಲ್ಲಿ ಕೂಡಿಟ್ಟ ಪಿಷ್ಟವನ್ನು ಮರ ಚಳಿಯಲ್ಲಿ ಸಕ್ಕರೆ ಮಾಡಿಕೊಂಡಿರುತ್ತದೆ. ಮೇಪಲ್ ಕಟ್ಟಿಗೆಯ ವಿಶೇಷ ಏನೆಂದರೆ ಅದರ ನಾರಿನ ಕೋಶಗಳ ಒಳಗೆ ನೀರಿಲ್ಲ, ಗಾಳಿ ಇದೆ. ರಾತ್ರಿ ತಾಪಮಾನ ಸೊನ್ನೆಗಿಂತ ಕೆಳಗೆ ಇಳಿದಾಗ ಆ ಗಾಳಿ ಕುಗ್ಗುತ್ತದೆ, ಪಕ್ಕದ ಕೊಳವೆಗಳಿಂದ ನೀರು ಒಳಗೆ ಸರಿದು ಕೋಶದ ಗೋಡೆಗೆ ಮಂಜಾಗಿ ಕಟ್ಟಿಕೊಳ್ಳುತ್ತದೆ, ಮಧ್ಯದಲ್ಲಿ ಗಾಳಿ ಅದುಮಿಕೊಂಡು ಕೂರುತ್ತದೆ. ಅದೇ ಹೊತ್ತಿಗೆ ಬೇರು ನೆಲದಿಂದ ಹೊಸ ನೀರು ಎಳೆದುಕೊಂಡಿರುತ್ತದೆ. ಬೆಳಿಗ್ಗೆ ಬಿಸಿಲು ಬಿದ್ದು ಮಂಜು ಕರಗಿದಾಗ ಅದುಮಿದ ಗಾಳಿ ಹಿಗ್ಗಿ ನೀರನ್ನು ಮತ್ತೆ ಕೊಳವೆಗೆ ನೂಕುತ್ತದೆ. ಕೊಳವೆಯಲ್ಲಿ ಸಕ್ಕರೆ ಇರುವುದರಿಂದ ಆ ಒತ್ತಡ ಒಂದಷ್ಟು ಗಂಟೆ ನಿಲ್ಲುತ್ತದೆ. ಆ ಸಮಯದಲ್ಲಿ ತೂತು ಇದ್ದರೆ ನೀರು ಹೊರಗೆ.

ಅಂದರೆ ರಾತ್ರಿ ಹೆಪ್ಪುಗಟ್ಟಬೇಕು, ಹಗಲು ಕರಗಬೇಕು, ಎರಡೂ ಆಗಬೇಕು. ರಾತ್ರಿ ಸೊನ್ನೆಗಿಂತ ಮೂರ್ನಾಲ್ಕು ಡಿಗ್ರಿ ಕೆಳಗೆ, ಹಗಲು ಹತ್ತರ ಆಸುಪಾಸು, ಗಾಳಿ ಇಲ್ಲದ ಬಿಸಿಲು, ಇಂಥ ದಿನ ಸಿಕ್ಕಿದರೆ ಹಬ್ಬ. ಮೋಡ ಮುಚ್ಚಿ ರಾತ್ರಿಯೂ ಬೆಚ್ಚಗಿದ್ದರೆ ಡಬ್ಬ ಖಾಲಿ. ದಕ್ಷಿಣದ ಬೆಟ್ಟಗಳಲ್ಲಿ ಜನವರಿ ಕೊನೆಯಿಂದ ಮಾರ್ಚ್ ಕೊನೆಯವರೆಗೆ ಹಂಗಾಮು, ಅದರಲ್ಲೂ ಮಾರ್ಚ್ 5ರ ಸುಮಾರಿಗೆ ಬರುವ ಗ್ಯೊಂಗ್‌ಚಿಪ್ ಅನ್ನುವ ದಿನದ ಆಚೀಚೆ ಇಳಿದ ನೀರಿಗೆ ಬೇಡಿಕೆ. ಕಪ್ಪೆಗಳು ನಿದ್ದೆ ಬಿಟ್ಟು ಏಳುವ ದಿನ ಅಂತ ಅಲ್ಲಿನ ಪಂಚಾಂಗದ ಲೆಕ್ಕ. ನೀರು ಇಳಿಸುವ ಯಜಮಾನರು, ಅಂದರೆ ನಮ್ಮ ಮನೆ ಮಾಲೀಕರ ಅಣ್ಣ, ರಾತ್ರಿ ಮಲಗುವ ಮುಂಚೆ ಅಂಗಳಕ್ಕೆ ಬಂದು ಆಕಾಶ ನೋಡುತ್ತಿದ್ದರು. ನಕ್ಷತ್ರ ಚೆನ್ನಾಗಿ ಕಂಡರೆ "ಬಕ್ಸಾನಿಮ್, ನಾಳೆ ಬೇಗ ಏಳಿ" ಅನ್ನುತ್ತಿದ್ದರು. ಡಾಕ್ಟರೇಟ್ ಇದ್ದವರನ್ನು ಅಲ್ಲಿ ಹಾಗೇ ಕರೆಯುತ್ತಾರೆ.

ತೂತು ಹಾಕುವ ಕೆಲಸ ನೋಡಲು ಸುಲಭ, ಆದರೆ ನಿಧಾನವಾಗಿ ಮಾಡಬೇಕು. ಎದೆಮಟ್ಟದಲ್ಲಿ ಕಾಂಡದ ಅಡ್ಡಳತೆ 10 ಸೆಂ.ಮೀ. ಆಗದ ಮರವನ್ನು ಮುಟ್ಟುವ ಹಾಗಿಲ್ಲ. ಹತ್ತು ದಾಟಿದರೆ ಒಂದು ತೂತು, ಇಪ್ಪತ್ತು ದಾಟಿದರೆ ಎರಡು, ಮೂವತ್ತು ದಾಟಿದ ದೊಡ್ಡ ಮರಕ್ಕೂ ಮೂರೇ. 8 ಮಿ.ಮೀ. ಬಿಟ್, ಆಳ ಒಂದೂವರೆ ಸೆಂ.ಮೀ., ಅಷ್ಟೇ. ಬಿಟ್ಟಿನ ಮೇಲೆ ಬಣ್ಣದ ಟೇಪು ಸುತ್ತಿ ಆಳದ ಗುರುತು ಮಾಡಿಕೊಳ್ಳುತ್ತಿದ್ದೆವು. ಮೇಪಲ್‌ನಲ್ಲಿ ಹೊರಗಿನ ಹಸಿ ಭಾಗದಲ್ಲೇ ನೀರಿನ ಓಡಾಟ ಜಾಸ್ತಿ, ಒಳಗೆ ಹೋದಷ್ಟೂ ಮರಕ್ಕೆ ಗಾಯವೇ ಹೊರತು ನಮಗೆ ಲಾಭವಿಲ್ಲ. ಡ್ರಿಲ್ಲನ್ನು ಸ್ವಲ್ಪ ಮೇಲ್ಮುಖವಾಗಿ ಹಿಡಿಯಬೇಕು, ಆಗ ನೀರು ತಾನೇ ಹೊರಗೆ ಜಾರುತ್ತದೆ. ಹೊರಬರುವ ಹೊಟ್ಟು ಕೆನೆ ಬಣ್ಣ ಇದ್ದರೆ ಜಾಗ ಸರಿ ಇದೆ. ಕಂದು ಬಂದರೆ ಅದು ಹಳೆಯ ಗಾಯದ ಪಟ್ಟಿ, ಅಲ್ಲಿ ನಿಲ್ಲಿಸಬೇಕು.

ಬಿಟ್ ಹೊರಗೆಳೆದ ಆ ಗಳಿಗೆ ನನಗೆ ಬಹಳ ಇಷ್ಟ. ಮೊದಲು ತೂತಿನ ಕೆಳತುಟಿಯಲ್ಲಿ ಒದ್ದೆ ಹೊಳೆಯುತ್ತದೆ. ಹೊಟ್ಟು ನೆನೆದು ಅಂಟಿಕೊಳ್ಳುತ್ತದೆ. ಆಮೇಲೆ ಒಂದು ಹನಿ ಕಟ್ಟಿಕೊಂಡು, ತೂಗಿ, ಬೀಳುತ್ತದೆ, ಅದರ ಹಿಂದೆಯೇ ಇನ್ನೊಂದು. ಬಿಸಿಲು ಬಿದ್ದ ಬದಿಯ ತೂತಿನಲ್ಲಿ ಹನಿ ಬೇಗ ಬೇಗ, ನೆರಳಿನ ಬದಿಯಲ್ಲಿ ನಿಧಾನ, ಒಂದೇ ಮರದಲ್ಲಿ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಪ್ಲಾಸ್ಟಿಕ್ ನಳಿಗೆ ಒಳಗಿಟ್ಟು ಮೆಲ್ಲಗೆ ತಟ್ಟಿ, ಅದಕ್ಕೆ ಸಣ್ಣ ಪೈಪು ಸೇರಿಸಿದರೆ ಆಯಿತು. ಮರದಿಂದ ಮರಕ್ಕೆ ಪೈಪು ಕೂಡುತ್ತಾ ಇಳಿಜಾರಿನಲ್ಲಿ ಒಂದು ದೊಡ್ಡ ಪೈಪಿಗೆ ಸೇರಿ ಕೆಳಗಿನ ತೊಟ್ಟಿಗೆ ನೀರು ಹೋಗುತ್ತದೆ. ಹಿಂದಿನ ಕಾಲದಲ್ಲಿ ಕೊಡಲಿಯಿಂದ ಕಾಂಡಕ್ಕೆ ಓರೆಯಾಗಿ ಎರಡು ಗೀರು ಹಾಕಿ, ಅವು ಕೂಡುವ ಕಡೆ ಪಾತ್ರೆ ಕಟ್ಟುತ್ತಿದ್ದರಂತೆ. ಅಂಥ ಗುರುತು ಹೊತ್ತ ಹಳೆಯ ಮರಗಳನ್ನು ಯಜಮಾನರು ತೋರಿಸಿದರು. ಗಾಯದ ಸುತ್ತ ತೊಗಟೆ ದಪ್ಪಗೆ ಉಬ್ಬಿದೆ, ನಡುವೆ ಕಟ್ಟಿಗೆ ಟೊಳ್ಳು. ಅದನ್ನು ನೋಡಿದ ಮೇಲೆ ಒಂದೂವರೆ ಸೆಂ.ಮೀ. ನಿಯಮ ಯಾಕೆ ಅಂತ ಯಾರೂ ವಿವರಿಸಬೇಕಾಗಿಲ್ಲ.

ಮರದ ಗಾಯ ನಮ್ಮ ಚರ್ಮದ ಗಾಯದಂತೆ ತುಂಬಿಕೊಳ್ಳುವುದಿಲ್ಲ. ಮರ ಅದರ ಸುತ್ತ ಗೋಡೆ ಕಟ್ಟಿ ಆ ಭಾಗವನ್ನು ಬೇರೆ ಮಾಡುತ್ತದೆ, ಮೇಲಿಂದ ಹೊಸ ಕಟ್ಟಿಗೆ ಬೆಳೆಸಿ ಮುಚ್ಚುತ್ತದೆ. ಒಳಗೆ ತೂತಿನ ಮೇಲಕ್ಕೂ ಕೆಳಕ್ಕೂ ಕಂದು ಪಟ್ಟಿ ಉಳಿದೇ ಉಳಿಯುತ್ತದೆ, ಅದರಲ್ಲಿ ಮತ್ತೆ ನೀರು ಹರಿಯಲ್ಲ. ಹಾಗಾಗಿ ಮುಂದಿನ ವರ್ಷದ ತೂತು ಹಳೆಯದರ ನೇರಕ್ಕೆ ಇರಬಾರದು, ಪಕ್ಕಕ್ಕೂ ಸರಿಯಬೇಕು, ಮೇಲಕ್ಕೋ ಕೆಳಕ್ಕೋ ಸರಿಯಬೇಕು. ಹಂಗಾಮು ಮುಗಿದ ತಕ್ಷಣ ನಳಿಗೆ ಕೀಳಬೇಕು, ಗಾಯಕ್ಕೆ ಔಷಧಿ ಹಚ್ಚಬೇಕು, ಪೈಪುಗಳನ್ನು ತೊಳೆಯಬೇಕು. ನಿಜ ಹೇಳಬೇಕೆಂದರೆ ಇಳಿಸುವುದಕ್ಕಿಂತ ಈ ಕೆಲಸವೇ ಜಾಸ್ತಿ. ಇದನ್ನು ಮನಸ್ಸಿಟ್ಟು ಮಾಡದವರು ಈ ಕಸುಬಿಗೆ ಬರಲೇಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ರುಚಿ ಹೇಗಿರುತ್ತೆ ಅಂದರೆ, ಮೊದಲ ಗುಟುಕಿಗೆ ಬರೀ ತಣ್ಣೀರು. ನುಂಗಿದ ಮೇಲೆ ನಾಲಿಗೆಯ ಹಿಂಬದಿಯಲ್ಲಿ ತೆಳ್ಳಗೆ ಸಿಹಿ, ಜೊತೆಗೆ ಹಸಿ ಕಟ್ಟಿಗೆಯ ವಾಸನೆ. ಸಕ್ಕರೆ ನೂರಕ್ಕೆ ಎರಡರ ಆಸುಪಾಸು. ಇಂಥ ನೀರಿನಿಂದ ಒಂದು ಲೀಟರ್ ಪಾಕ ಬೇಕೆಂದರೆ ನಲವತ್ತು ಲೀಟರಿನಷ್ಟು ಕುದಿಸಬೇಕು, ಕೊರಿಯಾದವರು ಆ ಗೋಜಿಗೆ ಹೋಗಿಲ್ಲ.

ಕುಡಿಯುವ ಕ್ರಮವೇ ಬೇರೆ. ಅಲ್ಲಿನ ಹಳೆಯ ಮನೆಗಳಲ್ಲಿ ನೆಲದಡಿಯಿಂದ ಬಿಸಿ ಮಾಡುವ ಓಂದೋಲ್ ವ್ಯವಸ್ಥೆ ಇದೆ. ನೆಂಟರು, ಗೆಳೆಯರು ಬಿಸಿ ನೆಲದ ಮೇಲೆ ಕೂತು, 18 ಲೀಟರಿನ ಕ್ಯಾನು ಮಧ್ಯೆ ಇಟ್ಟುಕೊಂಡು, ಹರಟುತ್ತಾ, ಇಸ್ಪೀಟು ಆಡುತ್ತಾ ರಾತ್ರಿಯೆಲ್ಲ ಕುಡಿಯುತ್ತಾರೆ. ಬೆವರು ಹರಿಯಬೇಕು, ಬಾಯಾರಿಕೆ ಆಗಬೇಕು, ಮತ್ತೆ ಕುಡಿಯಬೇಕು. ಬಾಯಾರಿಕೆ ಹೆಚ್ಚಿಸಲೆಂದೇ ಉಪ್ಪುಪ್ಪಾದ ಒಣ ಮೀನು ಇಡುತ್ತಾರೆ. ನಾನು ಮೀನು ತಿನ್ನಲ್ಲ ಅಂತ ಗೊತ್ತಾಗಿ ಆ ಮನೆಯ ಅಜ್ಜಿ ನನಗಾಗಿ ಕಡಲೆಕಾಯಿ ಹುರಿದು ಉಪ್ಪು ಹಾಕಿ ಕೊಟ್ಟರು.

ಈ ನೀರು ಮೂಳೆಗೆ ಒಳ್ಳೆಯದು ಅನ್ನುವ ನಂಬಿಕೆ ಬಹಳ ಹಳೆಯದು. ಅದಕ್ಕೊಂದು ಕಥೆಯೂ ಇದೆ. ಶಿಲ್ಲಾ ರಾಜ್ಯದ ಕೊನೆಗಾಲದ ಬೌದ್ಧ ಗುರು ದೋಸೊನ್, ಅವರ ಕಾಲ 827ರಿಂದ 898. ಬೆಗುನ್‌ಸಾನ್‌ನಲ್ಲಿ ಬಹಳ ಕಾಲ ಧ್ಯಾನಕ್ಕೆ ಕೂತು ಏಳಲು ಹೋದಾಗ ಮೊಣಕಾಲು ಚಾಚಲು ಬರಲಿಲ್ಲವಂತೆ. ಹಿಡಿದ ಕೊಂಬೆ ಮುರಿದು ಅದರಿಂದ ನೀರು ತೊಟ್ಟಿಕ್ಕಿತು, ಕುಡಿದರು, ಕಾಲು ನೆಟ್ಟಗಾಯಿತು ಅಂತ ಕಥೆ. ದೋಸೊನ್ ಇದ್ದ ಓಂಗ್ನ್ಯೊಂಗ್‌ಸಾ ದೇವಾಲಯದ ಜಾಗ ಈಗಲೂ ಅಲ್ಲೇ ಇದೆ, ಸುತ್ತ ಕ್ಯಾಮೆಲಿಯಾ ಮರಗಳ ದಟ್ಟ ತೋಪು. ನೀರಿನಲ್ಲಿ ಕ್ಯಾಲ್ಸಿಯಂ, ಪೊಟ್ಯಾಸಿಯಂ, ಮೆಗ್ನೀಸಿಯಂ ಇರುವುದು ನಿಜ. ಆದರೆ ಇದನ್ನು ಔಷಧಿ ಅಂತ ಕುಡಿಯಬೇಡಿ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇದ್ದವರು ಕ್ಯಾನುಗಟ್ಟಲೆ ಕುಡಿಯುವುದಂತೂ ಬೇಡವೇ ಬೇಡ. ಚಳಿಗಾಲ ಕಳೆದ ಖುಷಿಗೆ ನಾಲ್ಕು ಜನ ಕೂತು ಕುಡಿಯಲು ಇದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ, ಅಷ್ಟು ಸಾಲದೇ?

ಜಪಾನಿನಲ್ಲಿ ಇದೇ ಮರಕ್ಕೆ ಇತಾಯಾ ಅನ್ನುತ್ತಾರೆ. ಹೊಕ್ಕೈಡೊ ದ್ವೀಪದ ಐನು ಜನರೂ ಇದರ ನೀರು ಕುಡಿಯುತ್ತಿದ್ದರು. ಅಕಿತಾ ಪ್ರಾಂತ್ಯದ ಕಾಕುನೊದಾತೆ ಊರಿನಲ್ಲಿ ಎಳೆ ಇತಾಯಾ ಕಾಂಡವನ್ನು ಉದ್ದಕ್ಕೆ ಸೀಳಿ, ತೆಳ್ಳಗಿನ ಪಟ್ಟಿ ಮಾಡಿ, ಮೊರ, ಬುಟ್ಟಿ ಹೆಣೆಯುವ ಕಸುಬಿದೆ. ಮಕ್ಕಳಿಗಾಗಿ ಅದೇ ಪಟ್ಟಿಯಿಂದ ಪುಟ್ಟ ನರಿಗಳನ್ನೂ ಮಾಡುತ್ತಾರೆ. ರಜೆಗೆ ಹೋದಾಗ ಅಲ್ಲಿನ ಒಂದು ಮೊರ ಕೈಗೆತ್ತಿಕೊಂಡು ನೋಡಿದೆ. ಬಿದಿರಿಗಿಂತ ಬಿಳಿ, ಸವರಿದರೆ ಸಿಬಿರು ಇಲ್ಲ, ಬಾಗಿಸಿದರೆ ಬಾಗುತ್ತದೆ. ಬಲಿತ ಮರ ಗಟ್ಟಿ, ಪೀಠೋಪಕರಣಕ್ಕೂ ಹಿಂದೆ ಹಿಮದಲ್ಲಿ ಜಾರುವ ಸ್ಕೀ ಹಲಗೆಗೂ ಬಳಸುತ್ತಿದ್ದರು.

ಕೊರಿಯಾದಲ್ಲಿರುವ ಕನ್ನಡಿಗರು ಯಾರಾದರೂ ರುಚಿ ನೋಡಬೇಕೆಂದರೆ ಫೆಬ್ರವರಿ ಕೊನೆ, ಮಾರ್ಚ್ ಮೊದಲ ವಾರ ಗ್ವಾಂಗ್ಯಾಂಗ್ ಅಥವಾ ಜಿರಿಸಾನ್ ಬೆಟ್ಟದ ಬುಡದ ಹಳ್ಳಿಗಳಿಗೆ ಹೋಗಿ. ಸಣ್ಣ ಬಾಟಲಿಯಲ್ಲೂ ಮಾರುತ್ತಾರೆ, 18 ಲೀಟರೇ ತಗೋಬೇಕು ಅಂತೇನಿಲ್ಲ. ಯಾವತ್ತು ಇಳಿಸಿದ್ದು ಅಂತ ಕೇಳಿ ತಗೊಳ್ಳಿ. ಮನೆಗೆ ತಂದ ಕೂಡಲೇ ಫ್ರಿಜ್ಜಿಗೆ ಹಾಕಿ, ಹೊರಗಿಟ್ಟರೆ ಬೇಗ ಹುಳಿ ಬರುತ್ತದೆ. ಒಂದೆರಡು ದಿನಕ್ಕೆ ತಳದಲ್ಲಿ ಬಿಳಿ ಗಸಿ ಕಂಡರೆ ಹೆದರಬೇಡಿ, ಅದು ನೀರಿನದ್ದೇ ಅಂಶ. ಹುಳಿ ವಾಸನೆ ಬಂದರೆ ಮಾತ್ರ ಚೆಲ್ಲಿ. ಜಾಸ್ತಿ ದಿನ ಬೇಕೆಂದರೆ ಬಾಟಲಿಯ ಕತ್ತಿನಲ್ಲಿ ಜಾಗ ಬಿಟ್ಟು ಫ್ರೀಜರ್‌ನಲ್ಲಿಡಿ. ಅನ್ನಕ್ಕೆ ನೀರಿನ ಬದಲು ಇದನ್ನೇ ಹಾಕಬಹುದು, ಆ ಮನೆಯ ಅಜ್ಜಿ ಇದರಲ್ಲೇ ಸೋಯಾ ಪೇಸ್ಟ್ ಕಲಸುತ್ತಿದ್ದರು. ಚಹಾಕ್ಕೆ ಹಾಕಿ ನೋಡಿದ್ದೇನೆ, ಸಕ್ಕರೆ ಅರ್ಧ ಸಾಕು. ಮಾರ್ಚ್ ಮುಗಿಯುವ ಹೊತ್ತಿಗೆ ಮೊಗ್ಗು ಉಬ್ಬಲು ಶುರುವಾಗುತ್ತದೆ, ಆಮೇಲಿನ ನೀರಿಗೆ ರುಚಿ ಇರಲ್ಲ, ತಗೋಬೇಡಿ.