ಅಸೋಸಿಯೇಟ್ ಡಿಗ್ರಿಯಲ್ಲಿ ಪರಿಸರ ವಿಜ್ಞಾನ: ಮೊದಲ ದಿನದಿಂದಲೇ ಕೆಮಿಸ್ಟ್ರಿ ಹಿಡಿಯಿರಿ

ಅಮೆರಿಕದ ಕಮ್ಯುನಿಟಿ ಕಾಲೇಜಿಗೆ ಸೇರಿ ಅಸೋಸಿಯೇಟ್ ಡಿಗ್ರಿ ಅನ್ನುವ ಎರಡು ವರ್ಷದ ಪದವಿಗೆ ಪರಿಸರ ವಿಜ್ಞಾನ ಓದುವ ಯೋಚನೆ ಇದೆಯಾ? ಹಾಗಾದರೆ ಮೊದಲು ಒಂದು ತೀರ್ಮಾನ ಮಾಡಿ. ಆಮೇಲೆ ಯೂನಿವರ್ಸಿಟಿಗೆ ಹೋಗುತ್ತೀರಾ, ಇಲ್ಲ ನೇರ ಕೆಲಸಕ್ಕಾ? ಯಾವ ಕ್ಲಾಸ್ ತಗೋಬೇಕು ಅನ್ನೋದು ಪೂರ್ತಿ ಇದರ ಮೇಲೆ ನಿಂತಿದೆ.

ಯೂನಿವರ್ಸಿಟಿಗೆ ಅಂತಾದರೆ ಕೊನೆಯಿಂದ ಹಿಂದಕ್ಕೆ ಲೆಕ್ಕ ಹಾಕಿ. ನಾನು ಕ್ಯಾಲಿಫೋರ್ನಿಯಾದ ಉದಾಹರಣೆ ಕೊಡುತ್ತೇನೆ. ಅಸಿಸ್ಟ್ ಡಾಟ್ ಆರ್ಗ್ ಅನ್ನುವ ವೆಬ್‌ಸೈಟ್ ತೆರೆದು ನಿಮ್ಮ ಕಾಲೇಜು, ಹೋಗಬೇಕಾದ ಯೂನಿವರ್ಸಿಟಿ, ಮೇಜರ್ (ಅಂದರೆ ಮುಖ್ಯ ವಿಷಯ) ಈ ಮೂರನ್ನೂ ಆರಿಸಿ. ಇಲ್ಲಿಯ ಯಾವ ಕ್ಲಾಸ್ ಅಲ್ಲಿಯ ಯಾವುದಕ್ಕೆ ಸಮ ಅಂತ ಪಟ್ಟಿ ಬರುತ್ತದೆ. ಎರಡು ಮೂರು ಯೂನಿವರ್ಸಿಟಿಗಳ ಪಟ್ಟಿ ಪಕ್ಕಪಕ್ಕ ಇಟ್ಟು ನೋಡಿ, ಎಲ್ಲದರಲ್ಲೂ ಇರುವ ಕ್ಲಾಸುಗಳನ್ನು ಮೊದಲು ಮುಗಿಸಿ. ಸಾಮಾನ್ಯವಾಗಿ ಜನರಲ್ ಕೆಮಿಸ್ಟ್ರಿ, ಬಯಾಲಜಿ, ಕ್ಯಾಲ್ಕುಲಸ್, ಸ್ಟ್ಯಾಟಿಸ್ಟಿಕ್ಸ್ ಇರುತ್ತವೆ.

ಜಾಸ್ತಿ ಜನ ಎಡವುವುದು ಕೆಮಿಸ್ಟ್ರಿಯಲ್ಲಿ. ಪರಿಸರ ಅಂದರೆ ಕಾಡು, ಕೆರೆ, ಹಕ್ಕಿ ಅಂದುಕೊಂಡು ಮೊದಲ ವರ್ಷ ಬರೀ ಸುಲಭದ ಪರಿಚಯ ಕ್ಲಾಸುಗಳನ್ನೇ ತಗೊಂಡುಬಿಡುತ್ತಾರೆ. ಆದರೆ ಕೆಮಿಸ್ಟ್ರಿ ಒಂದರ ಹಿಂದೆ ಒಂದು ಬರುವ ಸರಣಿ. ಮೊದಲನೆಯದು ಪಾಸಾಗದೆ ಎರಡನೆಯದಕ್ಕೆ ಬಿಡುವುದಿಲ್ಲ, ಕೆಲವರಿಗೆ ಅದಕ್ಕೂ ಮೊದಲು ಇನ್ನೊಂದು ತಯಾರಿ ಕ್ಲಾಸ್ ಬೇರೆ ಬೇಕಾಗುತ್ತದೆ, ಲ್ಯಾಬ್ ಇರುವ ಕ್ಲಾಸುಗಳಲ್ಲಿ ಸೀಟು ಬೇಗ ತುಂಬುತ್ತವೆ, ಹಾಗಾಗಿ ಒಂದು ಸಲ ತಪ್ಪಿದರೆ ಎರಡು ವರ್ಷದ್ದು ಮೂರಾಗುತ್ತದೆ. ನೀರಿನಲ್ಲಿ ಕರಗಿದ ಆಮ್ಲಜನಕ ಯಾಕೆ ಕಡಿಮೆಯಾಯಿತು, ಮಣ್ಣಿನಲ್ಲಿ ನೈಟ್ರೇಟ್ ಎಲ್ಲಿಂದ ಬಂತು ಅಂತ ಅರ್ಥವಾಗಬೇಕಾದರೂ ಇದೇ ಬೇಕಲ್ವಾ?

ಕಾಲೇಜು ಆರಿಸುವಾಗ ಫೀಲ್ಡ್ ಕೆಲಸ ಎಷ್ಟಿದೆ ಕೇಳಿ. ನಮ್ಮವರು ತುಂಬ ಇರುವ ಕ್ಯುಪರ್ಟಿನೋದ ಡಿ ಆನ್ಜಾ ಕಾಲೇಜಿನಲ್ಲಿ ಪರಿಸರ ಅಧ್ಯಯನಕ್ಕೇ ಕಿರ್ಶ್ ಸೆಂಟರ್ ಅಂತ ಬೇರೆ ಕಟ್ಟಡವಿದೆ. ಪಕ್ಕದಲ್ಲೇ ಕ್ಯಾಲಿಫೋರ್ನಿಯಾದ ಸ್ಥಳೀಯ ಗಿಡಮರಗಳನ್ನು ಬೆಳೆಸಿದ ಜಾಗವೂ ಇದೆ. ಇಂಥ ಕಡೆ ಓದುವುದೇ ಬೇರೆ.

ನೇರ ಕೆಲಸಕ್ಕೆ ಹೋಗುವವರು ಬೇರೆ ದಾರಿ ಹಿಡಿಯಿರಿ. ನೀರು, ಮಣ್ಣಿನ ಸ್ಯಾಂಪಲ್ ತೆಗೆಯುವ ಟೆಕ್ನಿಷಿಯನ್ ಕೆಲಸಕ್ಕೆ ಅಸೋಸಿಯೇಟ್ ಡಿಗ್ರಿ ಸಾಕಾಗುತ್ತದೆ. ಕಂಪ್ಯೂಟರಿನಲ್ಲಿ ನಕ್ಷೆ ಮಾಡಿ ಸ್ಥಳದ ಮಾಹಿತಿ ವಿಶ್ಲೇಷಿಸುವ ಜಿಐಎಸ್ ಕ್ಲಾಸ್ ಬಿಡಲೇಬೇಡಿ, ಮನೆಯಲ್ಲಿ ಅಭ್ಯಾಸಕ್ಕೆ ಕ್ಯೂಜಿಐಎಸ್ ಅನ್ನುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಅಪಾಯಕಾರಿ ತ್ಯಾಜ್ಯ ಇರುವ ಜಾಗದಲ್ಲಿ ಕೆಲಸ ಮಾಡುವವರಿಗೆ ಹ್ಯಾಜ್‌ವೋಪರ್ ಅನ್ನುವ 40 ಗಂಟೆಯ ತರಬೇತಿ ಕೇಳುತ್ತಾರೆ. ಈ ದಾರಿಯಲ್ಲಿ ಸಿಗುವ ಎಎಎಸ್ ಪದವಿಯ (ಕೆಲಸಕ್ಕೆ ತಯಾರು ಮಾಡುವ ಅಸೋಸಿಯೇಟ್ ಡಿಗ್ರಿ) ಎಷ್ಟೋ ಯೂನಿಟ್‌ಗಳು, ಅಂದರೆ ಕ್ರೆಡಿಟ್‌ಗಳು, ಮುಂದೆ ಯೂನಿವರ್ಸಿಟಿಯಲ್ಲಿ ಲೆಕ್ಕಕ್ಕೆ ಬರದೇ ಇರಬಹುದು, ಅದಕ್ಕೇ ತೀರ್ಮಾನ ಮೊದಲೇ ಆಗಲಿ ಅಂದದ್ದು.

ಖರ್ಚು? ಕ್ಯಾಲಿಫೋರ್ನಿಯಾದ ನಿವಾಸಿಗಳಿಗೆ ಸೆಮಿಸ್ಟರ್ ಯೂನಿಟ್‌ಗೆ 46 ಡಾಲರ್. ಹೊರಗಿನವರಿಗೆ ಇದರ ಎಷ್ಟೋ ಪಟ್ಟು.

ಬೆಂಗಳೂರು, ಮೈಸೂರಿನಿಂದ ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಬರುವವರು ಇದನ್ನು ಗಮನವಿಟ್ಟು ಓದಿ. ಅಸೋಸಿಯೇಟ್ ಡಿಗ್ರಿ ಆದ ಮೇಲೆ ಓಪಿಟಿ, ಅಂದರೆ ಓದಿದ ವಿಷಯದಲ್ಲಿ ಕೆಲಸ ಮಾಡುವ ಅನುಮತಿ, 12 ತಿಂಗಳು ಸಿಗುತ್ತದೆ. ಅದಕ್ಕೆ ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ ಓದಿದವರಿಗೆ ಸಿಗುವ 24 ತಿಂಗಳ ಸ್ಟೆಮ್ ವಿಸ್ತರಣೆಗೆ ಕನಿಷ್ಠ ಬ್ಯಾಚುಲರ್ ಡಿಗ್ರಿ ಬೇಕು. ಎಚ್-1ಬಿ ಕೆಲಸದ ವೀಸಾಕ್ಕೂ ಸಾಮಾನ್ಯವಾಗಿ ಅದೇ. ಆದ್ದರಿಂದ ನಿಮಗೆ ಟೆಕ್ನಿಷಿಯನ್ ದಾರಿ ಬೇಡ, ಯೂನಿವರ್ಸಿಟಿಗೆ ದಾಟಲು ಬೇಕಾದ ಕ್ಲಾಸುಗಳ ಪಟ್ಟಿ ಹಿಡಿದುಕೊಂಡೇ ಕಾಲೇಜಿಗೆ ಅರ್ಜಿ ಹಾಕಿ.