ಗೇಮ್ ಹೇಳುವುದು ನಿಜವೇ? ತಾಳೆ ನೋಡುವ ಬಗೆ

ಟ್ರೇಲರ್‌ನಲ್ಲಿ ‘ವರ್ಷಗಟ್ಟಲೆ ಸಂಶೋಧನೆ ಮಾಡಿ ಕಟ್ಟಿದ ಗೇಮ್’ ಎಂದ ಮಾತ್ರಕ್ಕೆ ನಂಬಬೇಕಿಲ್ಲ. ಹಾಗೆಂದು ಇಡೀ ಗೇಮನ್ನು ಪರೀಕ್ಷಿಸಲು ಹೊರಟರೆ ಅದು ಮುಗಿಯುವ ಕೆಲಸವಲ್ಲ. ಒಂದು ವೇಗ, ಒಂದು ಕಟ್ಟಡ, ಒಂದು ಇಸವಿ, ಹೀಗೆ ಅಳೆಯಲು ಬರುವ ಒಂದೇ ಸಂಗತಿಯನ್ನು ಆರಿಸಿಕೊಂಡು ಹೊರಗಿನ ಲೆಕ್ಕದ ಜೊತೆ ತಾಳೆ ನೋಡಿ. ತಾಳೆಯಾಗದಿದ್ದರೆ ಮುಂದಿನ ಪ್ರಶ್ನೆ: ಗೊತ್ತಿದ್ದೇ ಬದಲಿಸಿದರೋ, ಗೊತ್ತಿಲ್ಲದೆ ಎಡವಿದರೋ?

ಶುರುವಿಗೆ ರಾಕೆಟ್ ಕಟ್ಟಿ ಹಾರಿಸುವ ಗೇಮ್ ‘ಕೆರ್ಬಲ್ ಸ್ಪೇಸ್ ಪ್ರೋಗ್ರಾಂ’ ಒಳ್ಳೆಯದು, ಕ್ಯಾಲ್ಕುಲೇಟರ್ ಒಂದಿದ್ದರೆ ಸಾಕು. ಸ್ಯಾಂಡ್‌ಬಾಕ್ಸ್ ಮೋಡ್ ಆರಿಸಿ, ಬಿಡಿಭಾಗಗಳೆಲ್ಲ ಮೊದಲೇ ಕೈಗೆ ಸಿಗುತ್ತವೆ. ರಾಕೆಟ್ಟನ್ನು ಪೂರ್ವಕ್ಕೆ ಹಾರಿಸಿ, ಕೆರ್ಬಿನ್ ಗ್ರಹದ ಸುತ್ತ 100 ಕಿ.ಮೀ. ಎತ್ತರದ ಕಕ್ಷೆಗೆ ಸೇರಿಸಿ. ಮ್ಯಾಪ್ ತೆರೆದು, ಅಪೋಆಪ್ಸಿಸ್ (ಕಕ್ಷೆಯ ಅತಿ ಎತ್ತರದ ಬಿಂದು) ಮತ್ತು ಪೆರಿಆಪ್ಸಿಸ್ (ಅತಿ ಕೆಳಗಿನ ಬಿಂದು) ಎರಡೂ 100ರ ಆಸುಪಾಸಿಗೆ ಬರುವವರೆಗೆ ಎಂಜಿನ್ನನ್ನು ಚೂರುಚೂರೇ ಉರಿಸಿ. ಈಗ ಲೆಕ್ಕ. ಗ್ರಹದ ತ್ರಿಜ್ಯ 600 ಕಿ.ಮೀ., ನೆಲಮಟ್ಟದ ಗುರುತ್ವ 9.81. ಈ 9.81 ಅನ್ನು 6,00,000ದಿಂದ (ಮೀಟರ್‌ನಲ್ಲಿ ತ್ರಿಜ್ಯ) ಎರಡು ಸಲ ಗುಣಿಸಿ, 7,00,000ದಿಂದ (ತ್ರಿಜ್ಯ ಮತ್ತು ಎತ್ತರ ಸೇರಿ) ಭಾಗಿಸಿ, ವರ್ಗಮೂಲ ತೆಗೆಯಿರಿ. ಸೆಕೆಂಡಿಗೆ 2,246 ಮೀಟರ್ ಬರುತ್ತದೆ. ಪರದೆಯ ಕೆಳಗಿರುವ ದಿಕ್ಕು ತೋರಿಸುವ ಗೋಳ, ಅಂದರೆ ನ್ಯಾವ್‌ಬಾಲ್ ಮೇಲೆ ಕಾಣುವ ವೇಗದ ಅಂಕಿಯೂ ಹೆಚ್ಚುಕಡಿಮೆ ಅದೇ ಆಗಿರಬೇಕು.

ಅಲ್ಲಿ ಸುಮಾರು 200 ಕಡಿಮೆ ಕಂಡರೆ ಗೇಮನ್ನು ಬೈಯಬೇಡಿ. ನ್ಯಾವ್‌ಬಾಲ್ ‘ಸರ್ಫೇಸ್’ನಲ್ಲಿದೆ, ತಿರುಗುತ್ತಿರುವ ನೆಲಕ್ಕೆ ಹೋಲಿಸಿ ವೇಗ ತೋರಿಸುತ್ತಿದೆ. ಅಂಕಿಯ ಮೇಲೆ ಕ್ಲಿಕ್ ಮಾಡಿ ‘ಆರ್ಬಿಟ್’ಗೆ ಬದಲಿಸಿ. ಅಂಕಿ ಒಂದೇ ಸಮನೆ ಏರಿಳಿಯುತ್ತಿದ್ದರೆ ಕಕ್ಷೆ ಇನ್ನೂ ದುಂಡಗಾಗಿಲ್ಲ ಎಂದರ್ಥ. ಪೆರಿಆಪ್ಸಿಸ್ 70 ಕಿ.ಮೀ.ಗಿಂತ ಕೆಳಗಿದ್ದರೆ ನೌಕೆ ಪ್ರತಿ ಸುತ್ತಿನಲ್ಲೂ ಗಾಳಿಗೆ ಉಜ್ಜಿ ವೇಗ ಕಳೆದುಕೊಳ್ಳುತ್ತದೆ.

ಅದೇ ಲೆಕ್ಕವನ್ನು ಭೂಮಿಗೆ ಹಾಕಿ ನೋಡಿ. ತ್ರಿಜ್ಯ 6,371 ಕಿ.ಮೀ., ಎತ್ತರ 400 ಕಿ.ಮೀ. ಉತ್ತರ ಸೆಕೆಂಡಿಗೆ ಸುಮಾರು 7,670 ಮೀಟರ್, ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುತ್ತುವ ವೇಗ. ಸೂತ್ರವನ್ನು ಗೇಮ್ ತಯಾರಕರು ಮುಟ್ಟಿಲ್ಲ, ಮುಟ್ಟಿದ್ದು ಗ್ರಹದ ಗಾತ್ರವನ್ನು. ಭೂಮಿಯ ಹತ್ತನೇ ಒಂದು ಪಾಲೂ ಇಲ್ಲದ ತ್ರಿಜ್ಯಕ್ಕೆ ಭೂಮಿಯಷ್ಟೇ ಗುರುತ್ವ ಬೇಕೆಂದರೆ ಕೆರ್ಬಿನ್ ನೀರಿಗಿಂತ ಸುಮಾರು 58 ಪಟ್ಟು ಸಾಂದ್ರವಾಗಿರಬೇಕು. ಅತಿ ಸಾಂದ್ರವಾದ ಆಸ್ಮಿಯಂ ಲೋಹವೇ 23 ಪಟ್ಟು ಮುಟ್ಟುವುದಿಲ್ಲ! ಇದು ಅಜ್ಞಾನವಲ್ಲ, ಸಣ್ಣ ರಾಕೆಟ್ಟಿನಲ್ಲಿ ಕೆಲವೇ ನಿಮಿಷಕ್ಕೆ ಕಕ್ಷೆ ಸಿಗಲೆಂದು ಕೊಟ್ಟ ರಿಯಾಯಿತಿ. ಇನ್ನೊಂದು ರಿಯಾಯಿತಿಯೂ ಇದೆ. ನೌಕೆಯನ್ನು ಒಂದು ಹೊತ್ತಿಗೆ ಒಂದೇ ಕಾಯ ಸೆಳೆಯುತ್ತದೆ. ಹಾಗಾಗಿ ಎರಡು ಕಾಯಗಳ ಸೆಳೆತ ಸರಿತೂಗಿ ನೌಕೆ ನಿಲ್ಲಬಲ್ಲ ಲಗ್ರಾಂಜ್ ಬಿಂದುಗಳೇ ಇಲ್ಲಿ ಇಲ್ಲ, ಅಲ್ಲಿ ದೂರದರ್ಶಕ ನಿಲ್ಲಿಸಲು ಹೆಣಗಬೇಡಿ. ಬೇಕೇ ಬೇಕೆಂದರೆ ‘ಪ್ರಿನ್ಸಿಪಿಯಾ’ ಮಾಡ್ (ಆಟಗಾರರೇ ಮಾಡಿದ ಹೆಚ್ಚುವರಿ ತಂತ್ರಾಂಶ) ಹಾಕಿಕೊಳ್ಳಿ.

ಇತಿಹಾಸದ ಗೇಮ್‌ಗಳಲ್ಲಿ ಊರು, ವ್ಯಕ್ತಿ, ಘಟನೆ ಈ ಮೂರನ್ನೂ ಬಿಡಿಬಿಡಿಯಾಗಿ ನೋಡಿ. ‘ಕಿಂಗ್‌ಡಂ ಕಮ್: ಡೆಲಿವರೆನ್ಸ್’ನ ಕಥೆ ನಡೆಯುವುದು 1403ರ ಬೊಹೀಮಿಯಾದಲ್ಲಿ, ಅಂದರೆ ಇಂದಿನ ಚೆಕ್ ನಾಡಿನಲ್ಲಿ. ಸ್ಕಾಲಿಟ್ಜ್ ಊರಿನ ಮೇಲಿನ ದಾಳಿ ನಡೆದದ್ದೇ, ಅದರ ಒಡೆಯ ರಾಡ್ಜಿಗ್ ಕೊಬಿಲಾ ಬದುಕಿದ್ದವನೇ. ನಾವು ಆಡಿಸುವ ಹೆನ್ರಿ ಮಾತ್ರ ಕಲ್ಪನೆ. ಕೋಡೆಕ್ಸ್ ಎಂಬ ವಿಭಾಗದಲ್ಲಿ ಈ ಬಗ್ಗೆ ಟಿಪ್ಪಣಿಗಳಿವೆ, ಆಡುತ್ತಾ ಆಡುತ್ತಾ ಓದಿ.

ಕಟ್ಟಡಗಳಲ್ಲಿ ಮೊದಲು ನೋಡಬೇಕಾದದ್ದು ನೆತ್ತಿ. ‘ಅಸ್ಯಾಸಿನ್ಸ್ ಕ್ರೀಡ್ ಯೂನಿಟಿ’ಯಲ್ಲಿ ಫ್ರೆಂಚ್ ಕ್ರಾಂತಿಯ ಕಾಲದ ಪ್ಯಾರಿಸ್ಸಿನ ನಾತ್ರ್ ದಾಮ್ ಚರ್ಚಿನ ಮೇಲೆ ಚೂಪು ಶಿಖರ ನಿಂತಿದೆ. ಹಳೆಯ ಶಿಖರವನ್ನು 18ನೇ ಶತಮಾನದ ಕೊನೆಯಲ್ಲಿ ಕಳಚಿದ್ದರು, ಅಲ್ಲಿ ಕಾಣುವುದು 1859ರಲ್ಲಿ ಮುಗಿದ ಶಿಖರದ ರೂಪ. ಜನ ಚಿತ್ರಗಳಲ್ಲಿ ಕಂಡ ನಾತ್ರ್ ದಾಮ್ ಅದೇ ತಾನೆ. ಇದೇ ಸರಣಿಯ ‘ಆರಿಜಿನ್ಸ್’ಗೆ 2018ರಲ್ಲಿ ಸೇರಿದ ಡಿಸ್ಕವರಿ ಟೂರ್ ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕ. ಹೊಡೆದಾಟವಿಲ್ಲದೆ ಈಜಿಪ್ಟ್ ಸುತ್ತಬಹುದು. ಅಲ್ಲಿನ ಪ್ರಾಚೀನ ಕಾಲದ ತರಗತಿಯಲ್ಲಿ ಹುಡುಗರ ಜೊತೆ ಹುಡುಗಿಯರನ್ನೂ ಕೂರಿಸಿದ್ದು ತಮ್ಮದೇ ಆಯ್ಕೆ ಎಂದು ತಯಾರಕರೇ ಹೇಳಿಕೊಂಡಿದ್ದಾರೆ.

ಎಡವುವುದೆಂದರೆ ಬೇರೆಯೇ. 2020ರ ‘ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್’ನಲ್ಲಿ ಮೆಲ್ಬರ್ನ್‌ನ ಮನೆಗಳ ನಡುವೆ 212 ಮಹಡಿಯ ಗೋಪುರವೊಂದು ಎದ್ದು ನಿಂತಿತ್ತು. ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯಲ್ಲಿ ಯಾರೋ ಮಹಡಿಗಳ ಸಂಖ್ಯೆ 2 ಎಂದು ಬರೆಯುವ ಕಡೆ 212 ಎಂದು ಒತ್ತಿದ್ದರು. ಗೇಮ್ ಅದನ್ನು ಪ್ರಶ್ನಿಸದೆ ಕಟ್ಟಿತು. ಇಂಥ ಗೇಮ್‌ಗಳಲ್ಲಿ ನಿಮಗೆ ಚೆನ್ನಾಗಿ ಗೊತ್ತಿರುವ ಜಾಗದ ಮೇಲೆ ಹಾರಿ, ಮಹಡಿ ಎಣಿಸಿ.

ಅಳೆಯಲು ಬರದದ್ದೂ ಇದೆ. ‘ಹೆಲ್‌ಬ್ಲೇಡ್: ಸೆನ್ಯುವಾಸ್ ಸ್ಯಾಕ್ರಿಫೈಸ್’ ನಾಯಕಿಗೆ ಕೇಳುವ ದನಿಗಳನ್ನು ಕೇಂಬ್ರಿಜ್‌ನ ಮನೋವೈದ್ಯ ಪಾಲ್ ಫ್ಲೆಚರ್ ಅವರ ಸಲಹೆ ಪಡೆದು, ಅಂಥ ಅನುಭವ ಇರುವವರ ಮಾತು ಕೇಳಿ ರೂಪಿಸಿದ್ದಾರೆ. ಇಲ್ಲಿ ಮಾಡಬೇಕಾದದ್ದು ಕೇಳುವುದು, ಅದೂ ಸ್ಟೀರಿಯೋ ಹೆಡ್‌ಫೋನ್‌ನಲ್ಲೇ. ದನಿಗಳು ಬೈನೌರಲ್ ಧ್ವನಿಮುದ್ರಣ, ಅಂದರೆ ಎರಡು ಕಿವಿಗೂ ಕೇಳುವಂತೆಯೇ ಬೇರೆಬೇರೆಯಾಗಿ ಮುದ್ರಿಸಿದವು. ಟಿವಿ ಸ್ಪೀಕರಿನಲ್ಲಿ ಅವು ಬೆನ್ನ ಹಿಂದೆ ಪಿಸುಗುಟ್ಟುವುದಿಲ್ಲ, ಎಲ್ಲವೂ ಎದುರಿನಿಂದಲೇ ಬರುತ್ತವೆ. ಆಡುವ ಮೊದಲು ಮೋನೋ ಆಡಿಯೋ ಮತ್ತು ಹೆಡ್‌ಸೆಟ್‌ನ ವರ್ಚುವಲ್ ಸರೌಂಡ್ ಎರಡನ್ನೂ ಆಫ್ ಮಾಡಿ. ಎಡ-ಬಲ ಅದಲುಬದಲಾಗಿಲ್ಲವೇ ಎಂದೂ ಒಮ್ಮೆ ನೋಡಿಕೊಳ್ಳಿ.