ವೆಲ್ಡಿಂಗ್ ಹೊಗೆಗೆ ಮನೆಯ ಏರ್ ಪ್ಯೂರಿಫೈಯರ್ ಸಾಲದು

ಪೀಣ್ಯದ ಸಣ್ಣ ವರ್ಕ್‌ಶಾಪ್‌ಗಳಲ್ಲಿ ವೆಲ್ಡಿಂಗ್ ಹೊಗೆಗೆಂದು ಮನೆಬಳಕೆಯ ಏರ್ ಪ್ಯೂರಿಫೈಯರ್ ಇಡುವ ಯೋಚನೆ ಇದ್ದರೆ, ದಯವಿಟ್ಟು ಕೈಬಿಡಿ. ಮನೆಯ ಯಂತ್ರವು ಕೋಣೆಯಲ್ಲಿ ಆಗಲೇ ಹರಡಿರುವ ಗಾಳಿಯನ್ನು ಎಳೆದು ಸೋಸುತ್ತದೆ. ಇಂಥ ಯಂತ್ರಗಳಲ್ಲಿ ಬಳಸುವ ಹೆಪಾ ಫಿಲ್ಟರ್ (ಕಣಗಳನ್ನು ಹಿಡಿಯುವ, ಮಡಿಕೆ ಮಡಿಕೆಯಾದ ಸೋಸುಹಾಳೆ) ಎಚ್13 ದರ್ಜೆಯದಾದರೆ ಅತಿ ಸೂಕ್ಷ್ಮ ಕಣಗಳಲ್ಲಿಯೂ ಶೇ. 99.95ರಷ್ಟನ್ನು ತಡೆಯುವುದು ನಿಜವಾದರೂ, ದಟ್ಟ ಹೊಗೆಯಲ್ಲಿ ಅದರ ಮಡಿಕೆಗಳು ಬೇಗನೆ ಕಟ್ಟಿಕೊಳ್ಳುತ್ತವೆ, ಅಲ್ಲದೆ ಹೊಗೆ ಯಂತ್ರವನ್ನು ತಲುಪುವಷ್ಟರಲ್ಲಿ ಕೆಲಸಗಾರರ ಶ್ವಾಸಕೋಶವನ್ನೂ ಸೇರಿರುತ್ತದೆ. ವೆಲ್ಡಿಂಗ್ ಹೊಗೆ ಹೀರಲೆಂದೇ ಇರುವ ಕೈಗಾರಿಕಾ ಯಂತ್ರದ ನಿಜವಾದ ಗುಣ ಅದರ ಗಾತ್ರದಲ್ಲಿಲ್ಲ. ಕಿಡಿ ಹಾರುವ ಜಾಗದ ಪಕ್ಕದಲ್ಲೇ ಹುಡ್ (ಹೊಗೆ ಎಳೆಯುವ ಕೊಳವೆಯ ಅಗಲ ಬಾಯಿ) ಇಟ್ಟು, ವೆಲ್ಡರ್‌ನ ಮುಖಕ್ಕೆ ಏರುವ ಮೊದಲೇ ಹೊಗೆಯನ್ನು ಹೀರಿಕೊಳ್ಳುವುದರಲ್ಲಿದೆ. ಕಂಪ್ರೆಸರ್ ಗಾಳಿಯ ಹೊಡೆತದಿಂದ ಫಿಲ್ಟರ್‌ಗೆ ಅಂಟಿದ ಧೂಳನ್ನು ಕೆಳಗಿನ ಡಬ್ಬಿಗೆ ಉದುರಿಸುವ ವ್ಯವಸ್ಥೆ ಅನೇಕ ಮಾದರಿಗಳಲ್ಲಿರುತ್ತದೆ. ಅದನ್ನು ಕೇಳಿಯೇ ಕೊಳ್ಳಿ.

ಮನೆಗೆ ಇಂಥ ಕೈಗಾರಿಕಾ ಯಂತ್ರ ಬೇಕಿಲ್ಲ, ಅದರ ಸದ್ದೂ ಹೆಚ್ಚು. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆಯಲ್ಲಿರುವುದು ಸುಮಾರು 34 ಘನ ಮೀಟರ್ ಗಾಳಿ. ಗಂಟೆಗೆ ಐದು ಬಾರಿ ಸೋಸಲು 170 ಘನ ಮೀಟರ್ ಸಿಎಡಿಆರ್ (ಪ್ಯೂರಿಫೈಯರ್ ಒಂದು ಗಂಟೆಯಲ್ಲಿ ಕೊಡುವ ಶುದ್ಧ ಗಾಳಿಯ ಪ್ರಮಾಣ) ಸಾಕು. ಆದರೆ ಪೇಂಟ್, ಥಿನ್ನರ್‌ಗಳ ವಾಸನೆಯನ್ನು ಹೆಪಾ ತಡೆಯದು. ಅದಕ್ಕೆ ಸಕ್ರಿಯ ಇಂಗಾಲದ ಫಿಲ್ಟರ್ ಪ್ರತ್ಯೇಕವಾಗಿ ಇರಲೇಬೇಕು.